ಜಿಮ್ನಿಯನ್ನು 50 ಮಿ.ಮೀ. ಎತ್ತರಿಸಿದ ಮೇಲೆ ಮುಂದಿನ ಸ್ಪ್ರಿಂಗ್ ಬಾಗಿದಂತೆ ಕಾಣುತ್ತಿದೆ, ಹೀಗೇ ಓಡಿಸಬಹುದೇ?

ಗಾಳಿಗುಡ್ಡ_ದುರ್ಗ · ಭಾನುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲಿರುವ ಗಾಳಿಯಂತ್ರಗಳ ದುರಸ್ತಿ ತಂಡದಲ್ಲಿ ನಾನು ಕೆಲಸ ಮಾಡುತ್ತೇನೆ. ಅಲ್ಲಿನ ದಾರಿ ಎಂದರೆ ಕ್ರೇನ್ ಹತ್ತಿಸಲು ಹಿಂದೊಮ್ಮೆ ಕಡಿದ ಮಣ್ಣಿನ ಜಾಡು. ಪ್ರತಿ ಮಳೆಗಾಲದಲ್ಲೂ ಮಣ್ಣು ಕೊಚ್ಚಿಹೋಗಿ ಕಲ್ಲು ಮೇಲೇಳುತ್ತದೆ. ನಾಲ್ಕು ಜನ ಮತ್ತು ಉಪಕರಣದ ಪೆಟ್ಟಿಗೆ ಹೇರಿಕೊಂಡು ಹತ್ತುವಾಗ ನನ್ನ ಐದು ಬಾಗಿಲಿನ ಜಿಮ್ನಿಯ ಹಿಂಭಾಗ ಕುಸಿದು, ತಿರುವುಗಳಲ್ಲಿ ತಳಕ್ಕೆ ಕಲ್ಲು ಬಡಿಯುತ್ತಿತ್ತು. ಅದಕ್ಕಾಗಿ ಎರಡು ವಾರದ ಹಿಂದೆ 50 ಮಿ.ಮೀ. ಎತ್ತರಿಸುವ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಟೈರ್ ಬದಲಾಯಿಸಿಲ್ಲ, ಮೊದಲಿನ 195/80 ಆರ್15 ಇದೆ.

ಈಗ ಮನಸ್ಸಿಗೆ ನೆಮ್ಮದಿ ಇಲ್ಲ. ಮುಂದಿನ ಎರಡೂ ಸ್ಪ್ರಿಂಗ್‌ಗಳು ನೆಟ್ಟಗೆ ನಿಂತಿಲ್ಲ, ನಡುವಿನಲ್ಲಿ ಬಾಳೆಕಾಯಿಯ ಹಾಗೆ ಸ್ವಲ್ಪ ಬಾಗಿವೆ. ಎಡಗಡೆಯದು ಹೆಚ್ಚು. ಮುಂದೆ ನಿಂತು ನೋಡಿದರೆ ಬಲಗಡೆಯ ಟೈರ್ ಎಡಗಡೆಯದಕ್ಕಿಂತ ಹೊರಗೆ ಚಾಚಿದೆ. ನೇರ ದಾರಿಯಲ್ಲೂ ಸ್ಟೀರಿಂಗ್ ಚಕ್ರ ಒಂದು ಕಡೆಗೆ ತಿರುಗಿಯೇ ಇರುತ್ತದೆ. ಒಮ್ಮೆ ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ದೀಪವೂ ಹೊತ್ತಿತು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಾವಣಗೆರೆ ಕಡೆಗೆ ಹೊರಟರೆ ಭರಮಸಾಗರ ದಾಟುವಷ್ಟರಲ್ಲಿ, ವೇಗ 70 ಮುಟ್ಟಿದಾಗ ಕೈಗೆ ನಡುಕ ಬರುತ್ತದೆ.

ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಟೋ (ಮುಂದಿನ ಚಕ್ರಗಳು ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಸರಿಮಾಡಿ ಹಾಳೆ ಕೊಟ್ಟರು. ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದಕ್ಕಿನ ಓರೆ) ಮಾತ್ರ ಕೆಂಪು ಬಣ್ಣದಲ್ಲೇ ಉಳಿಯಿತು. ಎರಡೂ ಕಡೆ ಸೊನ್ನೆಯ ಹತ್ತಿರ. "ಇದನ್ನು ತಿರುಗಿಸಲು ಇದರಲ್ಲಿ ಬೋಲ್ಟೇ ಇಲ್ಲ ಸರ್" ಎಂದರು. ಸ್ಪ್ರಿಂಗ್ ಹಾಕಿದ ಗ್ಯಾರೇಜಿನವರು ಎಲ್ಲವೂ ಸರಿಯಾಗಿದೆ ಎನ್ನುತ್ತಾರೆ. ನನ್ನ ಜೊತೆ ಮೂವರು ಹುಡುಗರು ಪ್ರತಿದಿನ ಇದೇ ಗಾಡಿಯಲ್ಲಿ ಗುಡ್ಡ ಹತ್ತಿ ಇಳಿಯುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

---

ಹೊಸದುರ್ಗ_ತೆಂಗು · ಭಾನುವಾರ ರಾತ್ರಿ

ಗಾಬರಿಯಾಗಬೇಡಿ. ಹೊಸ ಸ್ಪ್ರಿಂಗ್ ಕೂರುವುದಕ್ಕೆ ಸಮಯ ಬೇಕು. ಸಾವಿರ ಕಿಲೋಮೀಟರ್ ಓಡಿಸಿ, ತಾನಾಗಿ ಸರಿಹೋಗುತ್ತದೆ. ನನ್ನ ಬೊಲೆರೊಗೆ ಎರಡು ವರ್ಷದ ಹಿಂದೆ ಹಿಂದಿನ ಕಮಾನು ಪಟ್ಟಿಗೆ (ಲೀಫ್ ಸ್ಪ್ರಿಂಗ್) ಒಂದೊಂದು ಎಲೆ ಸೇರಿಸಿ ಎತ್ತರಿಸಿದ್ದೇನೆ. ಮೊದಮೊದಲು ಹಿಂಭಾಗ ಒಂದು ಕಡೆಗೆ ಎಳೆದಂತಾಗುತ್ತಿತ್ತು, ಈಗ ರೂಢಿಯಾಗಿದೆ. ತೆಂಗಿನಕಾಯಿ ತುಂಬಿದರೂ ತೊಂದರೆ ಕಂಡಿಲ್ಲ.

---

ಕಮಾನುಪಟ್ಟಿ_ದಾವಣಗೆರೆ · ಭಾನುವಾರ ರಾತ್ರಿ

ಹೊಸದುರ್ಗದ ಅಣ್ಣನವರ ಮಾತನ್ನು ನಾನು ಒಪ್ಪುವುದಿಲ್ಲ. ಸ್ಪ್ರಿಂಗ್ ಕೆಲವು ಮಿಲಿಮೀಟರ್ ಕೂರುತ್ತದೆ, ನಿಜ. ಆದರೆ ತಪ್ಪಾಗಿ ಕೂರಿಸಿದ್ದು ಸಾವಿರ ಕಿಲೋಮೀಟರ್ ಓಡಿಸಿದರೆ ಸರಿಯಾಗುವುದಿಲ್ಲ, ಸವೆಯುತ್ತದೆ. ನಮ್ಮದು ತಂದೆಯ ಕಾಲದಿಂದ ಲಾರಿಗಳ ಕಮಾನು ಕೆಲಸ. "ರೂಢಿಯಾಗಿದೆ" ಎಂದ ಗಾಡಿಗಳನ್ನೇ ನಾವು ಹೆಚ್ಚು ಬಿಚ್ಚಿದ್ದೇವೆ.

ಗಾಳಿಗುಡ್ಡದವರೇ, ಮೂರು ವಿಷಯ ನೋಡಿ ಹೇಳಿ. ಕಾಯಿಲ್ ಸ್ಪ್ರಿಂಗಿನ ಕೆಳಗಿನ ತುದಿ ಕೂರುವ ತಟ್ಟೆಯಲ್ಲಿ ಒಂದು ಮೆಟ್ಟಿಲು ಇರುತ್ತದೆ. ತಂತಿಯ ತುದಿ ಆ ಮೆಟ್ಟಿಲಿಗೆ ತಾಗಿಕೊಂಡಿದೆಯೇ, ಅಥವಾ ತಿರುಗಿ ದೂರ ಸರಿದಿದೆಯೇ? ಸರಿದಿದ್ದರೆ ಆ ಕಡೆ ಎತ್ತರವೂ ಏರುತ್ತದೆ, ಸ್ಪ್ರಿಂಗ್ ಓರೆಯಾಗಿಯೂ ನಿಲ್ಲುತ್ತದೆ. ಮೇಲಿನ ರಬ್ಬರ್ ಬಟ್ಟಲು ಮಡಚಿಕೊಂಡಿದೆಯೇ ಎಂದೂ ಕೈ ಹಾಕಿ ನೋಡಿ.

ಎರಡನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಆಕ್ಸಲ್ ಹಿಡಿಯುವ ತೋಳುಗಳ ಮತ್ತು ಅಡ್ಡಕ್ಕಿರುವ ಪ್ಯಾನ್‌ಹಾರ್ಡ್ ರಾಡಿನ ಬುಷ್ (ರಬ್ಬರ್ ಇರುವ ಕೀಲು) ಬೋಲ್ಟ್‌ಗಳನ್ನು ಬಿಗಿ ಮಾಡುವಾಗ ಗಾಡಿ ನೆಲದ ಮೇಲಿತ್ತೇ, ಗಾಳಿಯಲ್ಲಿ ನೇತಾಡುತ್ತಿತ್ತೇ? ಬುಷ್‌ನ ಒಳಗಿನ ಕೊಳವೆ, ಹೊರಗಿನ ಕೊಳವೆ, ನಡುವಿನ ರಬ್ಬರ್ ಮೂರೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬೋಲ್ಟ್ ಬಿಗಿಯಾದ ಕೂಡಲೇ ಒಳಗಿನ ಕೊಳವೆ ಅಲ್ಲೇ ನಿಂತುಬಿಡುತ್ತದೆ, ಆಮೇಲಿನ ಚಲನೆಯೆಲ್ಲ ರಬ್ಬರ್ ತಿರುಚಿಕೊಳ್ಳುವುದರಿಂದಲೇ ಆಗಬೇಕು. ಚಕ್ರ ನೇತಾಡುವಾಗ ಬಿಗಿ ಮಾಡಿ ಗಾಡಿಯನ್ನು ಕೆಳಗಿಳಿಸಿದರೆ, ಒದ್ದೆ ಬಟ್ಟೆ ಹಿಂಡಿ ಹಿಡಿದ ಹಾಗೆ ರಬ್ಬರ್ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಅದೇ ಒಂದು ಕಳ್ಳ ಸ್ಪ್ರಿಂಗಿನಂತೆ ಗಾಡಿಯನ್ನು ಎತ್ತಿ ಹಿಡಿಯುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಮೂರನೆಯದು ಅಳತೆ. ಗಾರೆ ಕೆಲಸದವರ ತೂಗುಗುಂಡು ತನ್ನಿ. ಗಾಡಿಯನ್ನು ಸಮತಟ್ಟು ನೆಲದಲ್ಲಿ, ಸ್ಟೀರಿಂಗ್ ನೇರವಾಗಿಟ್ಟು ನಿಲ್ಲಿಸಿ, ಮಡ್‌ಗಾರ್ಡಿನ ಅಂಚಿನಿಂದ ದಾರ ಇಳಿಬಿಡಿ. ದಾರಕ್ಕೂ ಟೈರಿನ ಗೋಡೆಗೂ ಎಷ್ಟು ಅಂತರ ಎಂದು ಎರಡೂ ಕಡೆ ಅಳೆಯಿರಿ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನೂ ನಾಲ್ಕೂ ಕಡೆ ಬರೆದುಕೊಳ್ಳಿ. ಕಣ್ಣಿನ ಅಂದಾಜನ್ನು ನಂಬಬೇಡಿ.

---

ಮೆಕ್ಯಾನಿಕಲ್_ಮೇಷ್ಟ್ರು · ಸೋಮವಾರ

ಕಮಾನುಪಟ್ಟಿಯವರ ಅಳತೆ ಬರಲಿ. ಅಷ್ಟರಲ್ಲಿ ಸ್ಪ್ರಿಂಗ್ ಏಕೆ ಬಾಗುತ್ತದೆ ಎಂಬುದನ್ನು ವಿವರಿಸುತ್ತೇನೆ. ಕಾರಣ ತಿಳಿದರೆ ಅರ್ಧ ಭಯ ಹೋಗುತ್ತದೆ, ಉಳಿದ ಅರ್ಧವನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬುದೂ ತಿಳಿಯುತ್ತದೆ.

ಜಿಮ್ನಿಯಲ್ಲಿ ಹಿಂದೆಯೂ ಮುಂದೆಯೂ ಗಟ್ಟಿ ಆಕ್ಸಲ್ ಹೌಸಿಂಗ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಕೊಳವೆ. ಅದನ್ನು ಮೂರು ಕೊಂಡಿಗಳು ಹಿಡಿದಿವೆ: ಉದ್ದಕ್ಕೆ ಎರಡು ತೋಳು, ಅಡ್ಡಕ್ಕೆ ಒಂದು ಪ್ಯಾನ್‌ಹಾರ್ಡ್ ರಾಡ್. ಸ್ಪ್ರಿಂಗ್ ಭಾರ ಹೊರುತ್ತದೆಯೇ ಹೊರತು ಹೌಸಿಂಗ್ ಎಲ್ಲಿರಬೇಕು ಎಂದು ತೀರ್ಮಾನಿಸುವುದಿಲ್ಲ. ಅದನ್ನು ತೀರ್ಮಾನಿಸುವುದು ಈ ಕೊಂಡಿಗಳು. ಮುಂದಿನ ತೋಳುಗಳು ಹೌಸಿಂಗ್‌ನಿಂದ ಹಿಂದಕ್ಕೆ ಹೋಗಿ ಚಾಸಿಗೆ ಸೇರುತ್ತವೆ. ಚಾಸಿ ಮೇಲೇರಿದರೆ ತೋಳಿನ ಮುಂದಿನ ತುದಿ ತಗ್ಗುತ್ತದೆ, ಅದರ ಜೊತೆ ಹೌಸಿಂಗ್ ಕೂಡ ಮುಂದಕ್ಕೆ ಉರುಳುತ್ತದೆ. ತೋಳಿನ ಉದ್ದ 800 ಮಿ.ಮೀ. ಎಂದಿಟ್ಟುಕೊಂಡರೆ 50 ಮಿ.ಮೀ. ಏರಿಕೆಗೆ ಸುಮಾರು ಮೂರೂವರೆ ಡಿಗ್ರಿ ಉರುಳು. ಸ್ಪ್ರಿಂಗಿನ ಕೆಳತಟ್ಟೆ ಹೌಸಿಂಗ್‌ಗೆ ಬೆಸೆದದ್ದು, ಆದ್ದರಿಂದ ಅದೂ ಅಷ್ಟೇ ವಾಲುತ್ತದೆ. ಮೇಲಿನ ತಟ್ಟೆ ಚಾಸಿಯದು, ಅದು ವಾಲುವುದಿಲ್ಲ. ಎರಡು ತಟ್ಟೆಗಳು ಸಮಾಂತರವಾಗಿಲ್ಲದಿದ್ದರೆ ನಡುವಿನ ಸ್ಪ್ರಿಂಗ್ ಬಾಗಲೇಬೇಕು. ಎರಡೂ ಕಡೆ ಸಮನಾಗಿ, ಸ್ವಲ್ಪವೇ ಬಾಗಿದ್ದರೆ ಅದು ಏರಿಕೆಯ ಸಹಜ ಫಲ. ಒಂದೇ ಕಡೆ ಹೆಚ್ಚಾಗಿದ್ದರೆ, ಅಥವಾ ಸುರುಳಿಗಳು ಒಂದಕ್ಕೊಂದು ತಾಗುತ್ತಿದ್ದರೆ, ಕೂರಿಸಿದ್ದರಲ್ಲಿ ತಪ್ಪಿದೆ.

ಅದೇ ಮೂರೂವರೆ ಡಿಗ್ರಿ ನಿಮ್ಮ ಕ್ಯಾಸ್ಟರ್‌ನಿಂದಲೂ ಕಳೆಯುತ್ತದೆ. ಸೈಕಲ್ಲಿನ ಮುಂದಿನ ಫೋರ್ಕು ಸವಾರನ ಕಡೆಗೆ ಒರಗಿರುತ್ತದಲ್ಲ, ಅಂಥದೇ ಓರೆ ಇದು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು, ವೇಗದಲ್ಲಿ ಚಕ್ರ ಅಲೆದಾಡದಿರುವುದು ಅದರಿಂದ. ಗಟ್ಟಿ ಹೌಸಿಂಗ್‌ನಲ್ಲಿ ಅಲೈನ್‌ಮೆಂಟ್ ಯಂತ್ರದವರು ಟೋ ಮಾತ್ರ ತಿದ್ದಬಲ್ಲರು. ಕ್ಯಾಸ್ಟರ್ ಕೆಂಪಾಗಿ ಉಳಿದದ್ದು ಅವರ ತಪ್ಪಲ್ಲ.

ಇನ್ನು ಬಲಗಡೆಯ ಟೈರ್. ಗೋಡೆಗೆ ಒರಗಿಸಿದ ಏಣಿಯನ್ನು ನೆಟ್ಟಗೆ ಮಾಡಿದಷ್ಟೂ ಅದರ ಬುಡ ಗೋಡೆಯ ಹತ್ತಿರ ಬರುತ್ತದೆ. ಪ್ಯಾನ್‌ಹಾರ್ಡ್ ರಾಡೂ ಹಾಗೆಯೇ. ಒಂದು ತುದಿ ಚಾಸಿಗೆ, ಇನ್ನೊಂದು ಹೌಸಿಂಗ್‌ಗೆ. ಚಾಸಿ ಏರಿದರೆ ರಾಡ್ ಕಡಿದಾಗುತ್ತದೆ, ಹೌಸಿಂಗ್ ಚಾಸಿಯ ತುದಿಯ ಕಡೆಗೆ ಸರಿಯುತ್ತದೆ. ರಾಡ್ 850 ಮಿ.ಮೀ. ಉದ್ದವಿದ್ದು, ಮೊದಲು ಎರಡು ತುದಿಗಳ ಎತ್ತರದ ವ್ಯತ್ಯಾಸ 50 ಇತ್ತು, ಈಗ 100 ಆಗಿದೆ ಎಂದುಕೊಳ್ಳಿ. ಅಡ್ಡ ಅಳತೆ 848.5ರಿಂದ 844.1ಕ್ಕೆ ಇಳಿಯುತ್ತದೆ, ಸರಿದದ್ದು ನಾಲ್ಕೂವರೆ ಮಿ.ಮೀ.ಗೆ ತುಸು ಕಡಿಮೆ. ಒಂದು ಕಡೆ ಅಷ್ಟು ಹೊರಗೆ, ಇನ್ನೊಂದು ಕಡೆ ಅಷ್ಟು ಒಳಗೆ ಹೋಗುವುದರಿಂದ ಕಣ್ಣಿಗೆ ಎರಡರಷ್ಟಾಗಿ ಕಾಣುತ್ತದೆ.

ಸ್ಟೀರಿಂಗ್ ಚಕ್ರ ಓರೆಯಾದದ್ದಕ್ಕೂ ಇದೇ ಮೂಲ. ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್‌ನ ಓರೆ ಬದಲಾಗಿದೆ. ಅದರ ಮೇಲಿನ ತಿರುಪು ತಿರುಗಿಸಿ ಸ್ಟೀರಿಂಗ್ ಚಕ್ರವನ್ನು ನಡುವಿಗೆ ತರಬೇಕು. ಸ್ಟೀರಿಂಗ್ ಚಕ್ರವನ್ನೇ ಬಿಚ್ಚಿ ನೇರವಾಗಿ ಕೂರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹಾಗೆ ಮಾಡಿದರೆ ಗಾಡಿ ತಿರುವಿನಲ್ಲಿದೆ ಎಂದೇ ಸೆನ್ಸರ್ ಭಾವಿಸುತ್ತದೆ. ನಿಮ್ಮ ಇಎಸ್‌ಪಿ ದೀಪ ಹೊತ್ತಿದ್ದು ಬಹುಶಃ ಸ್ಟೀರಿಂಗ್ ಓರೆಯಾದದ್ದರಿಂದಲೇ.

ಇನ್ನೊಂದು ಮಾತು, ಬೇಸರಿಸಬೇಡಿ. ಸ್ಪ್ರಿಂಗ್ ಎತ್ತರಿಸಿದರೆ ಚಾಸಿ ಮತ್ತು ಬಾಗಿಲಿನ ಕೆಳಭಾಗ ಮೇಲೇರುತ್ತವೆ. ಡಿಫರೆನ್ಷಿಯಲ್ ಇರುವ ಉಬ್ಬು ಹೌಸಿಂಗ್‌ನಲ್ಲೇ ಇದೆ, ಅದು ಒಂದು ಮಿಲಿಮೀಟರ್ ಕೂಡ ಏರುವುದಿಲ್ಲ. ಅದನ್ನು ಏರಿಸುವುದು ಟೈರಿನ ಗಾತ್ರ ಮಾತ್ರ. ಗುಡ್ಡದ ಜಾಡಿನ ನಡುವಿನ ಕಲ್ಲನ್ನು ಮೊದಲಿನಷ್ಟೇ ಎಚ್ಚರದಿಂದ ದಾಟಿ.

---

ಜಗಳೂರಿನ_ಜಿಪ್ಸಿ · ಸೋಮವಾರ

ಮೇಷ್ಟ್ರೇ, ಏಣಿಯ ಉದಾಹರಣೆಯಿಂದ ನನಗೆ ಐದು ವರ್ಷದ ಗೊಂದಲ ಬಗೆಹರಿಯಿತು. ನನ್ನ ಅನುಭವವನ್ನೂ ಹೇಳುತ್ತೇನೆ. ನನ್ನದು ಅಪ್ಪನ ಕಾಲದ ಜಿಪ್ಸಿ, ನಾಲ್ಕೂ ಕಡೆ ಕಮಾನು ಪಟ್ಟಿ. ಮೆಕ್ಕೆಜೋಳದ ಹೊಲಕ್ಕೆ ಹೋಗುವ ದಾರಿ ಎರೆಮಣ್ಣು. ಒಂದು ಮಳೆ ಬಿದ್ದು ಟ್ರ್ಯಾಕ್ಟರ್ ಓಡಾಡಿದರೆ ಸಾಕು, ಗಾಲಿಯ ಗುಂಡಿಗಳ ನಡುವಿನ ದಿಬ್ಬ ಗಾಡಿಯ ಹೊಟ್ಟೆಗೆ ತಾಗುತ್ತದೆ. ಕಮಾನಿನ ತುದಿಯನ್ನು ಚಾಸಿಗೆ ಜೋಡಿಸುವ ಹಿಂದಿನ ಶ್ಯಾಕಲ್‌ಗಳನ್ನು ಉದ್ದ ಮಾಡಿಸಿಕೊಂಡರೆ ಕಡಿಮೆ ಖರ್ಚಿನಲ್ಲಿ ಎತ್ತರವಾಗುತ್ತದೆ ಎಂದು ಯಾರೋ ಹೇಳಿದರು, ಮಾಡಿಸಿದೆ.

ಶ್ಯಾಕಲ್ ಕಮಾನಿನ ಒಂದು ತುದಿಯನ್ನು ಮಾತ್ರ ಇಳಿಸುತ್ತದೆ. ಆದ್ದರಿಂದ ಶ್ಯಾಕಲ್ 50 ಮಿ.ಮೀ. ಉದ್ದವಾದರೆ ಗಾಡಿ ಏರುವುದು ಅದರ ಅರ್ಧದಷ್ಟು. ಇದು ನನಗೆ ಆಮೇಲೆ ಗೊತ್ತಾಯಿತು. ಕಮಾನು ಹಿಂದಕ್ಕೆ ವಾಲಿದ್ದರಿಂದ ಹೌಸಿಂಗ್‌ನ ಮೂತಿ ಮೇಲೆದ್ದಿತು, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗಳ ಓರೆ ಒಂದಕ್ಕೊಂದು ಹೊಂದದಾಯಿತು. ವೇಗ 45 ದಾಟಿದರೆ ಕಾಲಡಿಯಲ್ಲಿ ಗುಂಯ್ ಎನ್ನುವ ಸದ್ದು. ಆರು ತಿಂಗಳಲ್ಲಿ ಎರಡು ಸಲ ಕ್ರಾಸ್ (ಶಾಫ್ಟಿನ ತುದಿಯ ಕೀಲು) ಬದಲಾಯಿಸಿದೆ. ಕ್ರಾಸ್ ಹೋಗುತ್ತಿದೆ ಎಂದು ಎಲ್ಲರೂ ಹೇಳಿದರು, ಏಕೆ ಹೋಗುತ್ತಿದೆ ಎಂದು ಕೇಳಿದವರು ದಾವಣಗೆರೆಯ ಒಬ್ಬ ಹಿರಿಯ ಕೆಲಸಗಾರರು ಮಾತ್ರ. ಅವರು ಕಮಾನಿಗೂ ಹೌಸಿಂಗ್‌ಗೂ ನಡುವೆ ಕಬ್ಬಿಣದ ಓರೆ ಬೆಣೆ ಕೊಟ್ಟು ಮೂತಿಯನ್ನು ಇಳಿಸಿದರು. ಸದ್ದು ಅಂದೇ ನಿಂತಿತು. ಮರುವರ್ಷ ಉದ್ದದ ಶ್ಯಾಕಲ್ ತೆಗೆಸಿ, ಹೊಸ ಕಮಾನು ಹಾಕಿಸಿ, ಬೆಣೆಯನ್ನೂ ತೆಗೆಸಿದೆ. ಈಗ ಕೈಬೆರಳಲ್ಲಿ ಹಿಡಿದರೂ ನೇರ ಹೋಗುತ್ತದೆ.

ಗಾಳಿಗುಡ್ಡದ ಅಣ್ಣ, ನಿಮ್ಮ ಹಿಂದಿನ ಹೌಸಿಂಗ್ ಕೂಡ ಹೀಗೆ ಮೂತಿ ಎತ್ತಿರಬಹುದು. ಶಾಫ್ಟಿನ ಸದ್ದಿಗೆ ಕಿವಿಗೊಡಿ.

---

ಹಿರಿಯೂರು_ವಕೀಲ · ಸೋಮವಾರ ರಾತ್ರಿ

ಯಂತ್ರದ ವಿಷಯ ನನಗೆ ತಿಳಿಯದು, ಕಾನೂನಿನದು ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂನ 4ನೇ ಉಪಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ಹೇಳುತ್ತದೆ. ಜನರನ್ನು ಕೂರಿಸಿಕೊಂಡು ಕೆಲಸಕ್ಕೆ ಓಡಾಡುವ ಗಾಡಿ ಇದು. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಅವರ ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಅಪಘಾತವಾದ ಮೇಲೆ ಈ ಪತ್ರಗಳನ್ನು ಹುಡುಕಿದರೆ ಪ್ರಯೋಜನವಿಲ್ಲ.

---

ಗಾಳಿಗುಡ್ಡ_ದುರ್ಗ · ಮಂಗಳವಾರ ರಾತ್ರಿ

ಎಲ್ಲರಿಗೂ ಕೃತಜ್ಞತೆಗಳು. ವಕೀಲರೇ, ನಾಳೆ ಎರಡೂ ಕಡೆ ಪತ್ರ ಕೊಡುತ್ತೇನೆ. ಒಪ್ಪದಿದ್ದರೆ ಹಳೆಯ ಸ್ಪ್ರಿಂಗ್‌ಗಳನ್ನು ಮರಳಿ ಹಾಕಿಸುತ್ತೇನೆ, ಅವು ಮನೆಯಲ್ಲೇ ಇವೆ. ಅಲ್ಲಿಯವರೆಗೆ ಓಡುವ ಗಾಡಿಯಾದರೂ ಸರಿಯಾಗಿರಬೇಕು.

ಪಕ್ಕದ ಮನೆ ಕಟ್ಟುತ್ತಿರುವ ಗಾರೆಯವರಿಂದ ತೂಗುಗುಂಡು ತಂದು ಅಳೆದೆ. ಮುಂದೆ, ದಾರದಿಂದ ಟೈರಿಗೆ ಎಡಗಡೆ 31 ಮಿ.ಮೀ., ಬಲಗಡೆ 22. ವ್ಯತ್ಯಾಸ 9, ಅಂದರೆ ಹೌಸಿಂಗ್ ಸರಿದದ್ದು ನಾಲ್ಕೂವರೆ. ಮೇಷ್ಟ್ರ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದದ್ದನ್ನು ಕಂಡು ಎರಡನೇ ಸಲ ಅಳೆದೆ, ಅಷ್ಟೇ ಬಂತು. ಆದರೆ ಎತ್ತರದಲ್ಲಿ ಎಡಗಡೆ ಬಲಗಡೆಗಿಂತ 8 ಮಿ.ಮೀ. ಹೆಚ್ಚು.

ಟಾರ್ಚ್ ಹಿಡಿದು ಎಡಗಡೆಯ ಸ್ಪ್ರಿಂಗಿನ ಬುಡ ನೋಡಿದೆ. ತಂತಿಯ ತುದಿ ಮೆಟ್ಟಿಲಿನಿಂದ ಎರಡು ಬೆರಳಿನಷ್ಟು ದೂರ ಇದೆ. ಬಲಗಡೆ ಸರಿಯಾಗಿ ತಾಗಿಕೊಂಡಿದೆ. ಗ್ಯಾರೇಜಿನ ಹುಡುಗನಿಗೆ ಫೋನ್ ಮಾಡಿ ಬೋಲ್ಟ್‌ಗಳ ಬಗ್ಗೆ ಕೇಳಿದೆ. ಲಿಫ್ಟ್ ಮೇಲೆ ಚಕ್ರ ಇಳಿಬಿದ್ದಿರುವಾಗಲೇ ಎಲ್ಲವನ್ನೂ ಬಿಗಿ ಮಾಡಿದೆವು ಎಂದು ಮುಚ್ಚಿಡದೆ ಹೇಳಿದ. ಅವನಿಗೆ ಯಾರೂ ಬೇರೆ ರೀತಿ ಹೇಳಿಕೊಟ್ಟಿರಲಿಲ್ಲ.

---

ಕಮಾನುಪಟ್ಟಿ_ದಾವಣಗೆರೆ · ಮಂಗಳವಾರ ರಾತ್ರಿ

ನಿಜ ಹೇಳಿದ ಹುಡುಗ ಒಳ್ಳೆಯ ಕೆಲಸಗಾರನಾಗುತ್ತಾನೆ. ಮುಂದಿನ ಕೆಲಸವನ್ನು ಅವನ ಕೈಯಲ್ಲೇ ಮಾಡಿಸಿ.

ಮೊದಲು ಚಾಸಿಯನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಬೇಕು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಯಾರೂ ಹೋಗಬಾರದು, ಈ ಮಾತಿನಲ್ಲಿ ರಿಯಾಯಿತಿ ಇಲ್ಲ. ಶಾಕ್ ಅಬ್ಸಾರ್ಬರಿನ ಕೆಳ ಬೋಲ್ಟ್ ಬಿಚ್ಚಿ, ಹೌಸಿಂಗ್ ಅನ್ನು ಜಾಕ್ ಮೇಲೆ ನಿಧಾನವಾಗಿ ಇಳಿಸಿ, ಎಡಗಡೆಯ ಸ್ಪ್ರಿಂಗ್ ತಿರುಗಿಸಿ ತುದಿಯನ್ನು ಮೆಟ್ಟಿಲಿಗೆ ತಾಗಿಸಿ. ಇಳಿಸುವಾಗ ಬ್ರೇಕ್ ಪೈಪು ಮತ್ತು ಎಬಿಎಸ್ ತಂತಿಯ ಮೇಲೆ ಒಬ್ಬರ ಕಣ್ಣಿರಲಿ. ಆಮೇಲೆ ಗಾಡಿಯನ್ನು ಚಕ್ರಗಳ ಮೇಲೆ ನಿಲ್ಲಿಸಿ, ಕೆಳಗಿಳಿದು ಕೆಲಸ ಮಾಡುವ ಗುಂಡಿಯಿರುವ ಜಾಗಕ್ಕೆ ತಂದು, ನಿಮ್ಮ ಉಪಕರಣದ ಪೆಟ್ಟಿಗೆಯನ್ನೂ ಹಿಂದೆ ಇಟ್ಟು, ಹಿಂದೆ ಮುಂದೆ ತೋಳು ಮತ್ತು ಪ್ಯಾನ್‌ಹಾರ್ಡ್ ರಾಡಿನ ಬೋಲ್ಟ್‌ಗಳನ್ನು ಸಡಿಲಿಸಿ. ಇಬ್ಬರು ಬಂಪರ್ ಹಿಡಿದು ಗಾಡಿಯನ್ನು ನಾಲ್ಕಾರು ಸಲ ಒತ್ತಿ ಬಿಡಲಿ. ರಬ್ಬರ್ ತನ್ನ ಜಾಗಕ್ಕೆ ಬಂದ ಮೇಲೆ ಟಾರ್ಕ್ ಪಾನಾದಲ್ಲಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ.

ಅದಾದ ಮೇಲೆ ಡ್ರ್ಯಾಗ್ ಲಿಂಕ್ ತಿದ್ದಿ, ಚಕ್ರಗಳ ಬ್ಯಾಲೆನ್ಸ್ ನೋಡಿಸಿ. ನಡುಕ ಉಳಿದರೆ ಕ್ಯಾಸ್ಟರ್ ತಿದ್ದುವ ಬುಷ್ ಬಗ್ಗೆ ಮಾತಾಡೋಣ. ಮೊದಲೇ ಬುಷ್ ಹಾಕಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.

---

ಗಾಳಿಗುಡ್ಡ_ದುರ್ಗ · ಮುಂದಿನ ಭಾನುವಾರ

ಹೇಳಿದ ಕ್ರಮದಲ್ಲೇ ಮಾಡಿದೆವು. ಬೋಲ್ಟ್ ಸಡಿಲವಾದ ಕೂಡಲೇ ಮುಂದಿನ ತೋಳಿನ ಬುಷ್‌ನಿಂದ ಟಪ್ ಎಂದು ಸದ್ದು ಬಂತು, ಗಾಡಿ ಕಣ್ಣೆದುರಿಗೇ ಸ್ವಲ್ಪ ಇಳಿಯಿತು. ಆ ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಎಡಬಲದ ಎತ್ತರದ ವ್ಯತ್ಯಾಸ 8ರಿಂದ 2 ಮಿ.ಮೀ.ಗೆ ಬಂತು. ಈಗ ಎರಡೂ ಸ್ಪ್ರಿಂಗ್ ಒಂದೇ ರೀತಿ, ಬಹಳ ಕಡಿಮೆ ಬಾಗಿವೆ. ಡ್ರ್ಯಾಗ್ ಲಿಂಕ್ ತಿದ್ದಿದ ಮೇಲೆ ಸ್ಟೀರಿಂಗ್ ನೇರವಾಯಿತು, ಇಎಸ್‌ಪಿ ದೀಪ ಮತ್ತೆ ಹೊತ್ತಿಲ್ಲ. ಪೂರ್ತಿ ಇಳಿಬಿಟ್ಟಾಗ ಬಲಗಡೆಯ ಎಬಿಎಸ್ ತಂತಿ ವೀಣೆಯ ತಂತಿಯಷ್ಟು ಬಿಗಿಯಾಗುತ್ತಿತ್ತು, ಅದರ ಹಿಡಿಕೆಯನ್ನು ಕೆಳಗೆ ಸರಿಸಿದೆವು.

ನಿನ್ನೆ ಆನಗೋಡಿನವರೆಗೆ ಓಡಿಸಿದೆ. ನಡುಕ 70ರಲ್ಲಿ ಇಲ್ಲ, 85ರ ಹತ್ತಿರ ಸ್ವಲ್ಪ ಇದೆ. ತಿರುವಿನ ನಂತರ ಸ್ಟೀರಿಂಗ್ ಇನ್ನೂ ಸೋಮಾರಿಯಾಗಿ ಮರಳುತ್ತದೆ. ಕ್ಯಾಸ್ಟರ್ ತಿದ್ದುವ ಬುಷ್‌ಗೆ ಹೇಳಿದ್ದೇನೆ. ಅದು ಬರುವವರೆಗೆ ಹೆದ್ದಾರಿಯಲ್ಲಿ 60 ದಾಟುವುದಿಲ್ಲ.

---

ಮೆಕ್ಯಾನಿಕಲ್_ಮೇಷ್ಟ್ರು · ಭಾನುವಾರ

ಸಂತೋಷವಾಯಿತು. ರಾತ್ರಿ ಒಂದು ಗೋಡೆಯ ಮುಂದೆ ನಿಲ್ಲಿಸಿ ಹೆಡ್‌ಲೈಟಿನ ಬೆಳಕನ್ನೂ ತಗ್ಗಿಸಿಕೊಳ್ಳಿ, ಎದುರಿನವರ ಕಣ್ಣಿಗೆ ಬೀಳುತ್ತಿರುತ್ತದೆ. ಗಾಡಿಯ ಭಾರದ ಕೇಂದ್ರವೂ ಮೇಲೇರಿದೆ, ಅಗಲ ಮಾತ್ರ ಅದೇ 1,645 ಮಿ.ಮೀ. ಗುಡ್ಡದ ಅಡ್ಡ ಇಳಿಜಾರಿನಲ್ಲಿ ಹುಡುಗರನ್ನು ಇಳಿಸಿ ದಾಟಿ.

---

ಹೊಸದುರ್ಗ_ತೆಂಗು · ಭಾನುವಾರ ರಾತ್ರಿ

ಈ ಮಾತುಗಳನ್ನೆಲ್ಲ ಓದಿದ ಮೇಲೆ ಮನಸ್ಸು ಕೇಳಲಿಲ್ಲ. ಇಂದು ನನ್ನ ಬೊಲೆರೊ ಅಳೆದೆ. ಹಿಂದಿನ ಕಮಾನಿನ ಮುಂದಿನ ಕಣ್ಣಿನಿಂದ ಹೌಸಿಂಗ್‌ವರೆಗೆ ಬಲಗಡೆಗಿಂತ ಎಡಗಡೆ 12 ಮಿ.ಮೀ. ಹೆಚ್ಚಿದೆ. ಕಮಾನನ್ನು ಹೌಸಿಂಗ್‌ಗೆ ಬಿಗಿಯುವ ಎಡಗಡೆಯ ಯು ಬೋಲ್ಟಿನ ನಟ್ಟುಗಳು ಪಾನಾಕ್ಕೆ ಒಂದು ಸುತ್ತು ಪೂರ್ತಿ ತಿರುಗಿದವು. ಗಾಳಿಗುಡ್ಡದವರಿಗೆ ನಾನು ಕೊಟ್ಟ ಸಲಹೆ ತಪ್ಪು, ಕ್ಷಮಿಸಿ. ಕಮಾನುಪಟ್ಟಿಯವರೇ, ನಾಳೆ ಬೆಳಿಗ್ಗೆ ಗಾಡಿಯನ್ನು ದಾವಣಗೆರೆಗೆ ತರಲೇ?

---

ಕಮಾನುಪಟ್ಟಿ_ದಾವಣಗೆರೆ · ಭಾನುವಾರ ರಾತ್ರಿ

ತರಬೇಡಿ ಅಣ್ಣ, ಗಾಡಿ ಅಲ್ಲೇ ನಿಲ್ಲಲಿ. 12 ಮಿ.ಮೀ. ಸರಿದಿದೆ ಎಂದರೆ ಎಲೆಗಳನ್ನು ಹಿಡಿದಿರುವ ಸೆಂಟರ್ ಬೋಲ್ಟ್ ತುಂಡಾಗಿರುವ ಸಾಧ್ಯತೆಯೇ ಹೆಚ್ಚು. ನಟ್ಟು ಬಿಗಿ ಮಾಡಿ ಹೊರಟರೆ ದಾರಿಯಲ್ಲಿ ಹೌಸಿಂಗ್ ಇನ್ನಷ್ಟು ಸರಿಯುತ್ತದೆ. ಹೊಸದುರ್ಗದಲ್ಲೇ ಕಮಾನು ಕೆಲಸದವರನ್ನು ಮನೆಗೆ ಕರೆಸಿ. ಸೆಂಟರ್ ಬೋಲ್ಟ್ ಮತ್ತು ನಾಲ್ಕೂ ಯು ಬೋಲ್ಟ್ ಹೊಸದು ಹಾಕಿಸಿ, ಹಳೆಯ ಯು ಬೋಲ್ಟ್ ಮತ್ತೆ ಬಳಸಬೇಡಿ. ಬಿಚ್ಚಿದಾಗ ಎಲೆಗಳ ತೂತಿನ ಸುತ್ತ ಬಿರುಕು ಇದೆಯೇ ಎಂದು ನೋಡಿ, ಫೋಟೊ ತೆಗೆದು ಇಲ್ಲಿ ಹಾಕಿ. ಕಾಯಿ ಸಾಗಿಸಲು ಎರಡು ದಿನ ಬೇರೆ ಗಾಡಿ ನೋಡಿಕೊಳ್ಳಿ.